ಹೇಳಲೊಲ್ಲದವರಿಗೆ ಏನೆಂದು ಹೆಸರು?

2025ರ ಅಕ್ಟೋಬರ್ ಮೊದಲ ವಾರದ ಒಂದು ರಾತ್ರಿ ನನ್ನ ತಂಗಿಯ ಮಗಳು ದೂರವಾಣಿ ಮಾಡಿದಳು. ಆಕೆ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸೆಪ್ಟೆಂಬರ್ 22ರಿಂದ ಆರಂಭಿಸಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅವಳಿಗೂ ಮನೆಮನೆ ತಿರುಗುವ ಕೆಲಸ ಬಿದ್ದಿತ್ತು. ಕೇಳಬೇಕಾದ ಪ್ರಶ್ನೆಗಳು 60.

‘ಮಾಮಾ, ಒಂದು ಮನ್ಯಾಗ ಕೂಡಿಸಿ ಚಾ ಕೊಟ್ರು, ಛಂದ ಮಾತಾಡಿದ್ರು. ಎರಡು ಪ್ರಶ್ನಿಗಿ ಮಾತ್ರ ಬಾಯಿ ಬಿಚ್ಚಲಿಲ್ಲ. ಇಂಥವ್ರಿಗಿ ಏನಂತ ಬರೀಬೇಕ್ರಿ?’

ಆ ಎರಡು ಪ್ರಶ್ನೆಗಳಲ್ಲಿ ಒಂದು ಸಾಲಕ್ಕೆ ಸಂಬಂಧಿಸಿದ್ದು. ಇನ್ನೊಂದು, ಮಗಳು ಓದು ನಿಲ್ಲಿಸಿದ್ದೇಕೆ ಎಂಬುದು. ಜೊತೆಯ ಶಿಕ್ಷಕರು ಇಂಥ ಮನೆಗಳ ಮುಂದೆ ‘ಅಸಹಕಾರ’ ಎಂದು ಟಿಪ್ಪಣಿ ಮಾಡಿಕೊಂಡು ಮುಂದೆ ಸಾಗುತ್ತಿದ್ದರಂತೆ. ಚಹಾ ಕೊಟ್ಟು ಕಳುಹಿಸಿದವರನ್ನು ಹಾಗೆ ಕರೆಯಲು ಇವಳಿಗೆ ಮನಸ್ಸು ಬಂದಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಆ ಕ್ಷಣಕ್ಕೆ ಸರಿಯಾದ ಪದ ಹೊಳೆಯಲಿಲ್ಲ. ನಾಳೆ ಹೇಳುವೆನೆಂದು ದೂರವಾಣಿ ಇಟ್ಟೆ.

ಸ್ವಂತ ವಿಷಯ ಕೇಳಿಸಿಕೊಳ್ಳಲು ಇಷ್ಟಪಡದ ಮನುಷ್ಯನನ್ನು ಕರೆಯಲು ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಗುಮ್ಮನಗುಸುಕ, ಬಿಗುಮಾನದವ, ಗುಟ್ಟಿನವ, ಬಾಯಿ ಬಿಡದವ, ಮುಗುಮ್ಮಾಗಿರುವವ, ಒಳಗೊಂದು ಹೊರಗೊಂದು ಇಟ್ಟುಕೊಂಡವ. ಇನ್ನೊಂದು ಗುಂಪೂ ಇದೆ: ಗಂಭೀರ, ಮಿತಭಾಷಿ, ಮೌನಿ, ಸಂಭಾವಿತ, ಮಾನವಂತ. ಇತ್ತೀಚಿನ ಮನಶ್ಶಾಸ್ತ್ರದ ಬರಹಗಳು ‘ಅಂತರ್ಮುಖಿ’ಯನ್ನೂ ಸೇರಿಸಿವೆ. ಎರಡೂ ಗುಂಪಿನ ಪದಗಳು ಹೇಳುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಆದರೆ ಮೊದಲ ಗುಂಪಿನಲ್ಲಿ ದೂರು ಇದೆ, ಎರಡನೆಯದರಲ್ಲಿ ಹೊಗಳಿಕೆ ಇದೆ. ಯಾರಿಗೆ ಯಾವ ಗುಂಪಿನ ಪದ ದಕ್ಕುತ್ತದೆ ಎಂಬುದನ್ನು ಅವರ ಸ್ವಭಾವ ನಿರ್ಧರಿಸುವುದಿಲ್ಲ. ಅವರ ಸ್ಥಾನಮಾನ ನಿರ್ಧರಿಸುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಬೆಂಗಳೂರಿನ ಓದುಗರಿಗೆ ಬಹುಶಃ ತೊಗರಿಯ ಬೆಲೆ ಏರಿದಾಗಲೋ ಭೀಮೆಯಲ್ಲಿ ನೆರೆ ಬಂದಾಗಲೋ ನೆನಪಾಗುವ ಹೆಸರುಗಳು. ಮೊದಲೆರಡು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ. ಅಫಜಲಪುರ ಮತ್ತು ಜೇವರ್ಗಿಯ ನೂರಾರು ಹೊಲಗಳ ಅಂಚಿನಲ್ಲಿ ಭೀಮಾ ಹರಿಯುತ್ತಾಳೆ. ನನ್ನ ಸೇವೆಯ ಮೊದಲ ವರ್ಷಗಳು ಆ ಸೀಮೆಯಲ್ಲಿ ಕಳೆದವು. ಅಲ್ಲಿನ ಜನ ಪ್ರಶ್ನೆ ಕೇಳುವುದರಲ್ಲಿ ಸಂಕೋಚದವರಲ್ಲ. ಯಾವೂರ್ರಿ? ಯಾರ ಪೈಕಿ? ಪಗಾರ ಎಷ್ಟು? ಮಕ್ಕಳೆಷ್ಟು? ಬಸ್ಸಿನಲ್ಲಿ ಪಕ್ಕ ಕುಳಿತವರು ಮೂರನೆಯ ನಿಲ್ದಾಣ ಬರುವುದರೊಳಗೆ ಇಷ್ಟನ್ನೂ ಕೇಳಿ ಮುಗಿಸುತ್ತಾರೆ. ‘ಯಾರ ಪೈಕಿ’ ಎಂಬುದು ಜಾತಿ ಕೇಳುವ ಸಭ್ಯ ವಿಧಾನ. ನಾನು ಪ್ರತಿ ಸಲವೂ ‘ಸರಕಾರದ ಪೈಕಿ’ ಎಂದು ನಕ್ಕು ಜಾರಿಕೊಳ್ಳುತ್ತಿದ್ದೆ. ಅವರೂ ನಗುತ್ತಿದ್ದರು. ‘ಸಾಹೇಬ್ರು ಭಾಳ ಗಂಭೀರ ಮನುಷ್ಯಾರ್ರಿ’ ಎಂಬ ಪ್ರಶಸ್ತಿ ನನಗೆ ಪುಕ್ಕಟೆಯಾಗಿ ಸಿಕ್ಕಿತ್ತು.

ಅದೇ ಸೀಮೆಯಲ್ಲಿ, ಅದೇ ಕಾಲದಲ್ಲಿ, ಅದೇ ಮೌನಕ್ಕೆ ಬೇರೊಂದು ಹೆಸರು ಸಿಕ್ಕಿದ್ದನ್ನೂ ನಾನು ಕಂಡೆ. 1991ರ ಜನಗಣತಿ. ಈ ಮೂರು ತಾಲ್ಲೂಕುಗಳ ಪೈಕಿ ಒಂದರಲ್ಲಿ ಗಣತಿಯ ಹೊಣೆ ನನ್ನ ಮೇಲಿತ್ತು. ತಾಲ್ಲೂಕಿನ ಹೆಸರೂ ಊರಿನ ಹೆಸರೂ ಬೇಡ. ಒಬ್ಬ ವೃದ್ಧೆ, ಒಂದೇ ಕೋಣೆಯ ಮನೆ. ಗಣತಿಗೆ ಹೋದ ತರುಣ ಶಿಕ್ಷಕ ಎಲ್ಲ ವಿವರ ಬರೆದುಕೊಂಡ ಮೇಲೆ ಗಂಡನ ಹೆಸರು ಕೇಳಿದ. ಆಕೆ ಹೇಳಲಿಲ್ಲ. ಓಣಿಯ ಹೆಂಗಸರು ಸುತ್ತ ನೆರೆದಿದ್ದರು. ನಮ್ಮ ಭಾಗದಲ್ಲಿ ಗಂಡನ ಹೆಸರನ್ನು ನೇರವಾಗಿ ಉಚ್ಚರಿಸದೆ, ಪ್ರಾಸಬದ್ಧವಾದ ಒಂದೆರಡು ಸಾಲಿನ ನಡುವೆ ಇಟ್ಟು ಹೇಳುವ ಪದ್ಧತಿಯಿದೆ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆ, ಸೀಮಂತಗಳಲ್ಲಿ ಅದೊಂದು ಸಂಭ್ರಮ. ಶಿಕ್ಷಕ ಹಗುರವಾಗಿ, ‘ಹಂಗಾದ್ರ ಒಡಪು ಹಾಕಿ ಹೇಳವ್ವ’ ಎಂದುಬಿಟ್ಟ. ಆಕೆ ಗಂಡನನ್ನು ಕಳೆದುಕೊಂಡವಳೆಂದು ಆತ ಆಗಷ್ಟೇ ತನ್ನ ಕೈಯಾರೆ ಬರೆದಿದ್ದ. ಆಕೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಶಿಕ್ಷಕ ನನ್ನ ಮುಂದೆ ಹೇಳಿದ್ದು: ‘ಮುದುಕಿ ಭಾಳ ಘಾಟಿ ಅದಾಳ್ರಿ ಸಾಹೇಬ್ರ.’ ನಾನು ಏನು ನಡೆಯಿತೆಂದು ಪೂರ್ತಿ ವಿಚಾರಿಸಲಿಲ್ಲ. ‘ಸಹಕರಿಸದ ಕುಟುಂಬ’ ಎಂದು ನನ್ನ ದಿನಚರಿಯಲ್ಲಿ ಗುರುತು ಹಾಕಿದೆ. ಕೆಲವು ತಿಂಗಳ ನಂತರ ನಿರ್ಗತಿಕ ವಿಧವಾ ವೇತನದ ಅರ್ಜಿಗಳನ್ನು ನೋಡುವಾಗ, ಆ ಊರಿನ ಅರ್ಹರ ಪೈಕಿ ಆಕೆಯ ಹೆಸರು ಕಾಣಲಿಲ್ಲ. ಗ್ರಾಮ ಲೆಕ್ಕಿಗರನ್ನು ಕೇಳಿದೆ. ‘ಆಕಿ ಅರ್ಜಿನೇ ಹಾಕಿಲ್ರಿ. ಕಚೇರಿಯವ್ರು ಮತ್ತ ಹೆಸರು ಕೇಳ್ತಾರ ಅಂತಾಳ’ ಎಂದರು. ಆಗ ನಡೆದದ್ದೆಲ್ಲ ತಿಳಿಯಿತು. ಅರ್ಜಿ ಬರೆಸಲು ಜನ ಕಳುಹಿಸಿದೆ. ಅಷ್ಟರಲ್ಲಿ ಆಕೆ ಮಗಳ ಊರಿಗೆ ಹೋಗಿಬಿಟ್ಟಿದ್ದಳು.

ಈ ಪ್ರಸಂಗದಲ್ಲಿ ನನ್ನನ್ನು ಇಂದಿಗೂ ಕಾಡುವ ಸಂಗತಿಗಳು ಎರಡು. ಒಂದು, ವಿಧವೆಯೊಬ್ಬಳ ಗಂಡನ ಹೆಸರನ್ನು ಕೇಳಬೇಕೆಂದು ಗಣತಿಯ ನಮೂನೆಯಲ್ಲಿ ಎಲ್ಲಿಯೂ ಇರಲಿಲ್ಲ. ಶಿಕ್ಷಕ ಕೇಳಿದ್ದು ಕಚೇರಿಗಳ ಅಭ್ಯಾಸಬಲದಿಂದ. ಎರಡು, ಕೇಳಿದ್ದರೂ ಆಕೆ ಉತ್ತರಿಸಬೇಕಾಗಿರಲಿಲ್ಲ. 1948ರ ಜನಗಣತಿ ಕಾಯ್ದೆಯ 8ನೇ ಕಲಂ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಕಾನೂನುಬದ್ಧ ಕರ್ತವ್ಯವಾಗಿಸುತ್ತದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿತ್ತು. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಮನೆಯ ಹೆಣ್ಣುಮಕ್ಕಳ ಹೆಸರನ್ನು ಹೇಳುವಂತೆ ಯಾರನ್ನೂ ಕಟ್ಟಿಹಾಕುವಂತಿಲ್ಲ. ಗಂಡನ, ಗತಿಸಿದ ಗಂಡನ ಅಥವಾ ಸಂಪ್ರದಾಯದಂತೆ ತಾನು ಉಚ್ಚರಿಸಬಾರದ ಬೇರಾರದೇ ಹೆಸರನ್ನು ಹೇಳುವಂತೆ ಯಾವ ಹೆಂಗಸನ್ನೂ ಒತ್ತಾಯಿಸುವಂತಿಲ್ಲ. ದೆಹಲಿಯಲ್ಲಿ ಕುಳಿತು ಕಾನೂನು ಬರೆದವರಿಗೆ ಇದ್ದ ಸೂಕ್ಷ್ಮ, ಅದೇ ನೆಲದಲ್ಲಿ ಓಡಾಡುತ್ತಿದ್ದ ನನಗೆ ಇರಲಿಲ್ಲ. ಆ ತಾಯಿ ಕಾನೂನಿನ ಒಳಗಿದ್ದಳು, ಹೊರಗಿದ್ದವರು ನಾವು. ಆದರೂ ಹೆಸರಿಟ್ಟಿದ್ದು ಆಕೆಗೆ.

ಈಗ 2025ರ ಸಮೀಕ್ಷೆಗೆ ಬರೋಣ. ಪ್ರಶ್ನಾವಳಿ ಅತಿಯಾಯಿತೆಂಬ ದೂರು ಮೊದಲು ಜೋರಾಗಿ ಕೇಳಿಬಂದದ್ದು ರಾಜಧಾನಿಯಿಂದ. ಆಗ ಉಪ ಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ತಮ್ಮ ಮನೆಗೆ ಗಣತಿದಾರರು ಬಂದಾಗ ಪ್ರಶ್ನೆಗಳ ಸಂಖ್ಯೆಗೆ ಬೇಸರಪಟ್ಟರು. ಕೋಳಿ, ಕುರಿ, ಚಿನ್ನದ ಲೆಕ್ಕ ಜನರ ಸ್ವಂತ ವಿಷಯವೆಂದೂ ಬೆಂಗಳೂರಿನಲ್ಲಿ ಅದನ್ನೆಲ್ಲ ಕೇಳಬಾರದೆಂದೂ ಅಭಿಪ್ರಾಯಪಟ್ಟರು. ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಮತ್ತು ರಾಜ್ಯಸಭಾ ಸದಸ್ಯೆ ಸುಧಾ ಮೂರ್ತಿ ಮಾಹಿತಿ ನೀಡಲು ಇಚ್ಛಿಸುವುದಿಲ್ಲವೆಂದು ಲಿಖಿತವಾಗಿ ತಿಳಿಸಿದರು. ಅದಕ್ಕೂ ಮೊದಲೇ, ಸೆಪ್ಟೆಂಬರ್ 25ರಂದು, ರಾಜ್ಯ ಹೈಕೋರ್ಟ್ ಸಮೀಕ್ಷೆಗೆ ತಡೆ ನೀಡಲು ನಿರಾಕರಿಸುತ್ತಲೇ, ಭಾಗವಹಿಸುವುದು ಸ್ವಯಂಪ್ರೇರಿತ, ಮಾಹಿತಿಗಾಗಿ ಒತ್ತಾಯಿಸುವಂತಿಲ್ಲ, ಸಂಗ್ರಹಿಸಿದ್ದನ್ನು ಗೋಪ್ಯವಾಗಿಡಬೇಕು ಎಂದು ಸ್ಪಷ್ಟಪಡಿಸಿತ್ತು. ಹೀಗಾಗಿ ಇವರಾರೂ ತಪ್ಪು ಮಾಡಲಿಲ್ಲ. ಅವರ ನಿಲುವಿನ ಬಗ್ಗೆ ರಾಜಕೀಯ ಚರ್ಚೆ ನಡೆಯಿತು, ಅದು ಸಹಜ. ನನ್ನ ಪ್ರಶ್ನೆ ಬೇರೆ. ಬೆಂಗಳೂರಿನ ದೊಡ್ಡ ಮನೆಯಲ್ಲಿ ಇದು ‘ನಿಲುವು’ ಎನಿಸಿಕೊಂಡರೆ, ಜೇವರ್ಗಿಯ ಕೂಲಿಕಾರನ ಮನೆಯಲ್ಲಿ ಅದೇ ಮೌನ ‘ಅಸಹಕಾರ’ವಾಗುವುದು ಹೇಗೆ? ಕೋಳಿ ಎಷ್ಟೆಂದು ಕೇಳಿದರೆ ಮುಜುಗರಪಡುವ ಹಕ್ಕು ಕೋಳಿ ಸಾಕದವರಿಗೆ ಮಾತ್ರ ಇದೆಯೇ?

‘ಖಾಸಗಿ’ ಎಂಬ ಪದದ ಚರಿತ್ರೆಯಲ್ಲೇ ಈ ಅಸಮಾನತೆ ಅಡಗಿದೆ. ಅರಬ್ಬಿ ಮೂಲದ ‘ಖಾಸ್’ ಪಾರ್ಸಿಯ ಮೂಲಕ ನಮ್ಮ ಆಡಳಿತದ ಭಾಷೆಗೆ ಬಂದದ್ದು. ಖಾಸಗಿ ಎಂದರೆ ಮೊದಲು ದೊರೆಯ ಸ್ವಂತದ್ದು ಎಂದರ್ಥ. ಉಳಿದವರದೆಲ್ಲ ‘ಆಮ್’. ಈ ಸೀಮೆಯನ್ನು ಆಳಿದ ನಿಜಾಮರ ರಾಜ್ಯದಲ್ಲಿ ದೊರೆಯ ಸ್ವಂತ ಜಮೀನುಗಳಿಗೆ ‘ಸರ್ಫ್-ಎ-ಖಾಸ್’ ಎಂಬ ಹೆಸರಿತ್ತು. ಅವು ಸರ್ಕಾರದ ಸಾಮಾನ್ಯ ಭೂಮಿಯೊಂದಿಗೆ ವಿಲೀನವಾದದ್ದು 1949ರಲ್ಲಿ. ಅಂದರೆ ಲೆಕ್ಕ ಕೇಳಿಸಿಕೊಳ್ಳದಿರುವುದು ದೊರೆಗೆ ಮೀಸಲಾದ ಸವಲತ್ತಾಗಿತ್ತು. ಅದು ಪ್ರತಿಯೊಬ್ಬ ಪ್ರಜೆಯ ಹಕ್ಕೆಂದು ನಿರ್ವಿವಾದವಾಗಿ ಸ್ಥಾಪಿತವಾದದ್ದು 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಒಮ್ಮತದ ತೀರ್ಪಿನಲ್ಲಿ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಹಕ್ಕು ಎಲ್ಲರದಾಯಿತು. ಪದಗಳು ಮಾತ್ರ ಇನ್ನೂ ಹಳೆಯ ದರ್ಬಾರಿನಲ್ಲೇ ಉಳಿದಿವೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಸಮೀಕ್ಷೆಗಳ ವಿರೋಧಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಂಕಿಅಂಶವಿಲ್ಲದ ಬಡತನವೆಂದರೆ ಹೆಸರಿಲ್ಲದ ರೋಗವಿದ್ದಂತೆ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ 39 ಅತ್ಯಂತ ಹಿಂದುಳಿದಿವೆಯೆಂದೂ ಗುರುತಿಸಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು; ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅವುಗಳಲ್ಲಿ ಸೇರಿದ್ದವು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ್ದರ ಹಿಂದೆ ಜನರ ಹೋರಾಟದ ಜೊತೆಗೆ ಇಂಥ ಅಂಕಿಗಳ ಬಲವೂ ಇತ್ತು. ಮನೆಮನೆಗೆ ಹೋಗಿ ಕೇಳಿದವರೂ ಬೇಸರಪಡದೆ ಹೇಳಿದವರೂ ಇಲ್ಲದಿದ್ದರೆ ಆ ಅಂಕಿಗಳು ಎಲ್ಲಿಂದ ಬರುತ್ತಿದ್ದವು? ಕೇಳಲೇಬೇಕು. ಆದರೆ ಏನನ್ನು, ಹೇಗೆ, ಎಷ್ಟು?

ಇದಕ್ಕೆ ಉತ್ತರ ನಮ್ಮ ಗಾದೆಯೊಂದರಲ್ಲಿದೆ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಮನೆಯ ಒಳಗಿನದು ಒಳಗಿರಲಿ. ರೋಗವನ್ನು ಮಾತ್ರ ಬಚ್ಚಿಡಬೇಡ, ಹೇಳಿದರೆ ಯಾರಾದರೂ ಮದ್ದು ತಿಳಿಸಿಯಾರು. ಹೇಳುವುದರಿಂದ ಪ್ರಯೋಜನವಿದ್ದರೆ ಹೇಳು, ಇಲ್ಲದಿದ್ದರೆ ಇಟ್ಟುಕೋ ಎಂಬ ಲೆಕ್ಕಾಚಾರ ಇದು. ನಾವು ಓದಿದ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಹಳ್ಳಿಯ ಹೆಂಗಸರಿಗೆ ಇದು ಗೊತ್ತಿದೆ. ಸಮೀಕ್ಷೆ ಆರಂಭವಾದ ಆ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಭೀಮಾ ಉಕ್ಕಿ ಹರಿದಳು. ಹೊಲಗಳು ಮುಳುಗಿದವು. ನನ್ನ ಸೊಸೆಯಂಥ ಈ ಹುಡುಗಿ ಹೇಳಿದಂತೆ, ಸಾಲದ ಪ್ರಶ್ನೆಗೆ ತುಟಿ ಬಿಗಿದುಕೊಂಡ ಅದೇ ಮನೆಯಾಕೆ ಬೆಳೆಹಾನಿಯ ಮಾತು ಬಂದಾಗ ಎಷ್ಟು ಎಕರೆ, ಯಾವ ಬೆಳೆ, ಎಷ್ಟು ದಿನ ನೀರು ನಿಂತಿತ್ತು ಎಂಬುದನ್ನೆಲ್ಲ ಬೆರಳೆಣಿಸಿ ಒಪ್ಪಿಸಿದಳು. ಬೆಳೆಹಾನಿ ವ್ಯಾಧಿ, ಅದಕ್ಕೆ ಪರಿಹಾರವೆಂಬ ಮದ್ದಿದೆ. ಸಾಲ ಕೊಟ್ಟವರ ಹೆಸರು ಹೇಳಿದರೆ ಸಿಗುವ ಮದ್ದು ಯಾವುದೆಂದು ಆಕೆಗೆ ಯಾರೂ ತಿಳಿಸಿರಲಿಲ್ಲ. ಹೇಳಿದ್ದು ಸಾಲ ಕೊಟ್ಟವರ ಕಿವಿಗೆ ಬಿದ್ದರೆ ಏನಾಗುತ್ತದೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಊರಿನ ಪ್ರಶ್ನೆಗೂ ಸರ್ಕಾರದ ಪ್ರಶ್ನೆಗೂ ಇರುವ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ಬಸ್ಸಿನಲ್ಲಿ ‘ಯಾರ ಪೈಕಿ’ ಎಂದು ಕೇಳಿದವರಿಗೆ ನಾವೂ ತಿರುಗಿ ಅದನ್ನೇ ಕೇಳಬಹುದು. ಅದು ಕೊಡುಕೊಳ್ಳುವಿಕೆ. ಸರ್ಕಾರದ ಪ್ರಶ್ನೆ ಒಂದೇ ದಿಕ್ಕಿನದು. ಉತ್ತರ ಎಲ್ಲಿಗೆ ಹೋಯಿತು, ಯಾರ ಕೈಗೆ ಸಿಕ್ಕಿತು ಎಂಬುದು ಹೇಳಿದವರಿಗೆ ತಿಳಿಯುವುದೇ ಇಲ್ಲ. ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಆಳಂದವನ್ನು ನೆನೆಯಲಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಸರಿಯಾದವು ಕೇವಲ 24 ಎಂದು ಚುನಾವಣಾ ಅಧಿಕಾರಿಗಳೇ ಪ್ರಕಟಿಸಿದರು. ಹೊಣೆಗಾರರು ಯಾರೆಂಬುದು ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟ ವಿಷಯ. ಆದರೆ ತನ್ನ ವಿವರ ತನಗರಿವಿಲ್ಲದೆ ಬಳಕೆಯಾಗಬಹುದು ಎಂಬ ಪಾಠ ಆ ತಾಲ್ಲೂಕಿನ ಜನಕ್ಕೆ ಸಿಕ್ಕಿದೆ. ಅದಾದ ಮೇಲೂ ಅವರು ಮೊಬೈಲ್ ಸಂಖ್ಯೆ ಹೇಳಲು ಅರೆಗಳಿಗೆ ಯೋಚಿಸಿದರೆ ಅವರನ್ನು ಗುಮ್ಮನಗುಸುಕರೆನ್ನಬೇಕೆ?

ಕೇಳದೆಯೂ ನಡೆಯುವ ವ್ಯವಸ್ಥೆ ಅದೇ ನೆಲದಲ್ಲಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರ, ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ದತ್ತ ಕ್ಷೇತ್ರ. ಅಲ್ಲಿ ಮಧುಕರಿಯೆಂಬ ಭಿಕ್ಷೆಯ ಪದ್ಧತಿಯಿದೆ. ಲಕ್ಷಾಧಿಪತಿಯೂ ಜೋಳಿಗೆ ಹಿಡಿದು ಕೆಲವು ಮನೆಗಳ ಮುಂದೆ ನಿಲ್ಲುತ್ತಾನೆ. ನಾನು ಅಲ್ಲಿ ಕಂಡಷ್ಟು ದಿನ, ನೀಡುವವರು ಯಾವ ಊರು, ಯಾವ ದುಃಖಕ್ಕೆ ಬಂದಿರಿ ಎಂದು ಕೇಳಿದ್ದನ್ನು ನೋಡಲಿಲ್ಲ. ಸರ್ಕಾರ ಮಧುಕರಿ ನೀಡುವ ಮನೆಯಲ್ಲ, ಅದು ಅರ್ಹತೆ ನೋಡಲೇಬೇಕು, ಒಪ್ಪುತ್ತೇನೆ. ಆದರೆ ಹಸಿವಿಗೆ ಅಗತ್ಯವಿಲ್ಲದ ಪ್ರಶ್ನೆಯನ್ನು ಕೈಬಿಡುವ ಸೌಜನ್ಯವನ್ನಾದರೂ ಅಲ್ಲಿಂದ ಕಲಿಯಬಹುದು. ಕಲಿಯುತ್ತಿರುವ ಲಕ್ಷಣಗಳೂ ಇವೆ. ದೇವದಾಸಿಯರ ಪುನರ್ವಸತಿಗಾಗಿ 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಹೊಸ ಶಾಸನವು ಅವರ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಒತ್ತಾಯಿಸಬಾರದೆಂಬ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಎಷ್ಟೋ ಮಕ್ಕಳು ಶಾಲೆಯ ಮೊದಲ ದಿನವೇ ತಲೆತಗ್ಗಿಸುವಂತೆ ಮಾಡುತ್ತಿದ್ದ ಪ್ರಶ್ನೆ ಅದು.

2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಗೊತ್ತುಪಡಿಸಿರುವ ಜನಗಣತಿಯಲ್ಲಿ, 1931ರ ನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಗೆ ಕೇಂದ್ರ ಸರ್ಕಾರ ನಿರ್ಧರಿಸಿದೆ. ರಾಜ್ಯದ ಸಮೀಕ್ಷೆಯಂತೆ ಇದು ಐಚ್ಛಿಕವಲ್ಲ, ಉತ್ತರಿಸುವುದು ಕರ್ತವ್ಯ. ಆದ್ದರಿಂದಲೇ ಕೇಳುವವರ ಹೊಣೆ ಇನ್ನೂ ಹೆಚ್ಚು. ಹಳೆಯ ತಪ್ಪಿನ ಅನುಭವದಿಂದ ಮೂರು ಮಾತು ಹೇಳಬಯಸುತ್ತೇನೆ. ಮೊದಲನೆಯದು, ನಮೂನೆಯಲ್ಲಿಲ್ಲದ ಪ್ರಶ್ನೆಯನ್ನು ಕೇಳಕೂಡದು. ಇರುವ ಪ್ರಶ್ನೆ ಏತಕ್ಕೆಂದು ಒಂದು ವಾಕ್ಯದಲ್ಲಿ ಹೇಳಬೇಕು. ಎರಡನೆಯದು, ಕಟ್ಟೆಯ ಮೇಲೆ, ಓಣಿಯ ಜನರ ನಡುವೆ ಕೇಳಕೂಡದು. ಜನಗಣತಿಯ ದಾಖಲೆಗಳನ್ನು ಬೇರೆಯವರು ನೋಡುವಂತಿಲ್ಲವೆಂದು ಕಾಯ್ದೆಯ 15ನೇ ಕಲಂ ರಕ್ಷಣೆ ಕೊಟ್ಟಿದೆ. ಉತ್ತರವನ್ನೇ ಊರೆಲ್ಲ ಕೇಳಿಸಿಕೊಂಡರೆ ಆ ರಕ್ಷಣೆಗೆ ಅರ್ಥವೇನು? ಮೂರನೆಯದು, 8ನೇ ಕಲಮಿನ ವಿನಾಯಿತಿಯನ್ನು ತರಬೇತಿಯ ಮೊದಲ ದಿನವೇ ಎಲ್ಲ ಶಿಕ್ಷಕರಿಗೂ ಓದಿ ಹೇಳಬೇಕು.

ಇನ್ನು ಪದದ ವಿಷಯ. ಮರುದಿನ ಬೆಳಿಗ್ಗೆ ಹುಡುಗಿಗೆ ನಾನೇ ದೂರವಾಣಿ ಮಾಡಿದೆ. ‘ಅವರು ಎಂಥವರು ಅಂತ ಬರೀಬ್ಯಾಡವ್ವ. ಅವರು ಏನು ಮಾಡಿದ್ರು ಅಷ್ಟೇ ಬರಿ. ಈ ಎರಡು ಪ್ರಶ್ನೆಗೆ ಉತ್ತರಿಸಲು ಬಯಸಲಿಲ್ಲ ಅಂತ’ ಎಂದೆ. ಆಡಳಿತದಲ್ಲಿ ಮನುಷ್ಯರಿಗೆ ನಾಮಪದ ಅಂಟಿಸುವ ಅಧಿಕಾರ ನಮಗಿಲ್ಲ, ಕ್ರಿಯಾಪದ ಸಾಕು. ‘ಬಯಸಲಿಲ್ಲ’ ಎಂಬುದು ಇಂದಿನ ಮಾತು. ಕಾರಣ ಹೇಳಿ, ಮರ್ಯಾದೆಯಿಂದ ಕೇಳಿದರೆ ನಾಳೆ ಬಯಸಿಯಾರು. ‘ಘಾಟಿ’, ‘ಅಸಹಕಾರಿ’ ಎಂಬ ಪದಗಳು ಹಾಗಲ್ಲ. ಒಮ್ಮೆ ಅಂಟಿಕೊಂಡರೆ ಮುಂದಿನ ಅಧಿಕಾರಿಯೂ ಆ ಮನೆಯ ಬಾಗಿಲು ತಟ್ಟುವುದಿಲ್ಲ. ಮನೆಯವರೂ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಕನ್ನಡದಲ್ಲಿ ‘ಮಾನ’ ಎಂದರೆ ಗೌರವವೂ ಹೌದು, ಅಳತೆಯೂ ಹೌದು. ಜನರನ್ನು ಅಳೆಯಲು ಹೊರಟವರು ಈ ಎರಡನೆಯ ಅರ್ಥದ ಭರದಲ್ಲಿ ಮೊದಲನೆಯದನ್ನು ಮರೆಯಬಾರದು.

ಆ ವೃದ್ಧೆಯ ಗಂಡನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗದೆ ಇದ್ದುದರಿಂದ 1991ರ ಜನಸಂಖ್ಯೆಯಲ್ಲಿ ಒಂದಂಕಿಯೂ ಕಡಿಮೆಯಾಗಲಿಲ್ಲ. ಆಕೆಗೆ ಸಲ್ಲಬೇಕಾಗಿದ್ದ ವೇತನ ಮಾತ್ರ ಸಲ್ಲಲಿಲ್ಲ.